ನೇತ್ರಾಣಿಯ ಬಂಡೆ ಸಂದಿಯಲ್ಲಿ ಕಂಡ ನೀಲಿ ಗೆರೆಯ ಮೀನು: ಇದು ಮುರು ಜಾತಿಯೇ?

ಶರಾವತಿ ಹಿನ್ನೀರು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಈಚೆಗೆ ಗೆಳತಿಯರ ಜೊತೆ ಕೋಗಾರು ಘಾಟಿ ಇಳಿದು ಭಟ್ಕಳದ ಮೇಲೆ ಮುರ್ಡೇಶ್ವರಕ್ಕೆ ಹೋಗಿದ್ದೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ಸ್ಕೂಬಾ ಮಾಡಿದ್ದು ಮೊದಲ ಸಲ. ಹೊಳೆ, ಕೆರೆ, ಹಿನ್ನೀರಿನ ಮೀನು ನೋಡಿ ಬೆಳೆದವಳಿಗೆ ಸಮುದ್ರದ ಒಳಗೆ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಅಂತ ತಿಳಿಯಲಿಲ್ಲ, ಅಷ್ಟು ಬಣ್ಣ, ಅಷ್ಟು ಮೀನು.

ಅದರಲ್ಲಿ ಒಂದು ಮಾತ್ರ ಇನ್ನೂ ತಲೆಯಿಂದ ಹೋಗಿಲ್ಲ. ಬಂಡೆ ಸಂದಿಯ ಬಾಯಲ್ಲಿ ಕೂತಿತ್ತು. ಕೂತಿತ್ತು ಅಂತಲೇ ಹೇಳಬೇಕು, ಹೊಟ್ಟೆ ಹೆಚ್ಚೂಕಡಿಮೆ ಕಲ್ಲಿಗೆ ತಾಗಿತ್ತು. ಉದ್ದ ಒಂದು ಅಡಿಗಿಂತ ಸ್ವಲ್ಪ ಕಡಿಮೆ ಇರಬಹುದು. ಕಡು ಕಂದು ಮೈ, ಅದರ ಮೇಲೆ ತಲೆಯಿಂದ ಬಾಲದವರೆಗೆ ತೆಳ್ಳನೆಯ ನೀಲಿ ಗೆರೆಗಳು, ರೆಕ್ಕೆಗಳ ಮೇಲೂ ಅದೇ ಗೆರೆ. ಮೂತಿಯ ಹತ್ತಿರ ನೀಲಿ ಚುಕ್ಕೆ. ಬಾಯಿ ತುಂಬಾ ದೊಡ್ಡದು, ಕೆಳದವಡೆ ಮುಂದಕ್ಕೆ ಚಾಚಿತ್ತು. ಬಾಲ ದುಂಡಗೆ. ಬೇರೆ ಮೀನುಗಳೆಲ್ಲ ನಮ್ಮನ್ನು ಕಂಡು ಗುಂಪಾಗಿ ಸರಿದು ಹೋದವು, ಇದು ಹೋಗಲಿಲ್ಲ. ಕಣ್ಣು ಮಾತ್ರ ನಮ್ಮ ಕಡೆ ತಿರುಗುತ್ತಿತ್ತು. ತೀರಾ ಹತ್ತಿರ ಹೋದಾಗ ಹಿಂದಕ್ಕೆ ಸರಿದು ಒಳಗೆ ಸೇರಿಕೊಂಡಿತು. ದೂರ ಹೋಗಿ ತಿರುಗಿ ನೋಡಿದರೆ ಮತ್ತೆ ಅದೇ ಜಾಗದಲ್ಲಿ.

ಕರೆದುಕೊಂಡು ಹೋದವರು ಮೇಲೆ ಬಂದ ಮೇಲೆ "ಗ್ರೂಪರ್" ಅಂದರು. ಅಷ್ಟರಲ್ಲಿ ಮುಂದಿನ ತಂಡ ನೀರಿಗಿಳಿಯಲು ಕಾಯುತ್ತಿತ್ತು, ಹೆಚ್ಚು ಕೇಳಲು ಆಗಲಿಲ್ಲ. ಮನೆಗೆ ಬಂದು ಹೇಳಿದರೆ ಚಿಕ್ಕಪ್ಪ "ಅದು ಮುರು ಮೀನು, ಶಿವಮೊಗ್ಗದ ಮಾರ್ಕೆಟ್ಟಿಗೂ ಬರುತ್ತದೆ" ಅಂದರು. ಆದರೆ ಮಾರ್ಕೆಟ್ಟಿನಲ್ಲಿ ನಾನು ನೋಡಿದ ಮುರುವಿಗೆ ನೀಲಿ ಗೆರೆ ಇರಲಿಲ್ಲ, ಕಿತ್ತಳೆ ಚುಕ್ಕೆ ಇತ್ತು. ಎರಡೂ ಒಂದೇನಾ? ಅದು ಯಾಕೆ ಓಡಿ ಹೋಗಲಿಲ್ಲ? ಯಾವಾಗಲೂ ಅದೇ ಸಂದಿಯಲ್ಲಿ ಇರುತ್ತದಾ? ಕಚ್ಚುತ್ತದಾ? ಗೊತ್ತಿರುವವರು ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ, ನನಗೆ ನಿಜವಾಗಲೂ ತಿಳಿದುಕೊಳ್ಳಬೇಕಿದೆ.

ನೀರೊಳಗಿನ ಶಿವಮೊಗ್ಗ:

ಮೇಡಂ, ನೀವು ಎಷ್ಟು ಚೆನ್ನಾಗಿ ನೋಡಿದ್ದೀರಿ ಅಂದರೆ ಫೋಟೋ ಇಲ್ಲದೆಯೂ ಹೇಳಬಹುದು. ನೀಲಿ ಗೆರೆ, ಮೂತಿಯ ಮೇಲೆ ನೀಲಿ ಚುಕ್ಕೆ, ದುಂಡು ಬಾಲ, ಒಂದಡಿಯೊಳಗಿನ ಮೈ. ಅದು ಸೆಫಲೋಫೋಲಿಸ್ ಫಾರ್ಮೋಸಾ. ಡೈವ್ ಮಾಡುವವರು ಬ್ಲೂಲೈನ್ಡ್ ಹೈಂಡ್ ಅನ್ನುತ್ತಾರೆ. ಗ್ರೂಪರ್ ಕುಟುಂಬದ ಸಣ್ಣ ಜಾತಿಗಳಲ್ಲಿ ಒಂದು, ಹೆಚ್ಚೆಂದರೆ 34 ಸೆಂ.ಮೀ. ಬೆಳೆಯುತ್ತದೆ. ಭಾರತದ ಪಶ್ಚಿಮ ಕರಾವಳಿಯಿಂದ ಫಿಲಿಪೀನ್ಸ್ ಕಡೆಯವರೆಗೂ ಇದೆ. ಅಚ್ಚ ತಿಳಿನೀರಿನ ಹವಳವೇ ಬೇಕು ಅಂತ ಹಟ ಮಾಡುವ ಮೀನಲ್ಲ. ಸ್ವಲ್ಪ ಮಣ್ಣು, ಕೆಸರು ಕಲೆತ ನೀರು, ಸತ್ತ ಹವಳ, ಬರೀ ಬಂಡೆ ಇದ್ದರೂ ನಡೆಯುತ್ತದೆ. ನಮ್ಮ ಕಡಲಿಗೆ ಎಷ್ಟು ಹೊಳೆಗಳು ಘಟ್ಟದ ಮಣ್ಣು ತಂದು ಸುರಿಯುತ್ತವೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ ಅಲ್ವಾ, ಅಂಥ ನೀರಿಗೆ ಹೊಂದಿಕೊಂಡ ಗ್ರೂಪರ್ ಇದು.

ನಿಮ್ಮ ಚಿಕ್ಕಪ್ಪ ಹೇಳಿದ್ದೂ ಸರಿ. ಗ್ರೂಪರ್ ಕುಟುಂಬದಲ್ಲಿ 160ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಕರಾವಳಿಯಲ್ಲಿ ಹೆಚ್ಚಿನವನ್ನು ಮುರು ಅಂತಲೇ ಕರೆಯುತ್ತಾರೆ, ಕೊಂಕಣಿಯವರು ಗೊಬ್ರೋ ಅನ್ನುತ್ತಾರೆ. ನೀವು ಮಾರ್ಕೆಟ್ಟಿನಲ್ಲಿ ಕಂಡ ಕಿತ್ತಳೆ ಚುಕ್ಕೆಯದು ಬೇರೆ ಜಾತಿ, ಎಪಿನೆಫೆಲಸ್ ಕೊಯೊಯ್ಡಿಸ್. ಅದು ಒಂದು ಮೀಟರ್ ದಾಟಿ ಬೆಳೆಯುತ್ತದೆ. ಕೈಗೆ ಸಿಕ್ಕರೆ ಗುರುತಿಸಲು ಒಂದು ಸುಲಭ ದಾರಿ ಇದೆ. ಬೆನ್ನ ಮೇಲಿನ ರೆಕ್ಕೆಯ ಮುಂಭಾಗದಲ್ಲಿ ಗಟ್ಟಿ ಮುಳ್ಳುಗಳಿರುತ್ತವೆ. ನೀವು ಕಂಡ ಗುಂಪಿನದಕ್ಕೆ 9, ಮಾರ್ಕೆಟ್ಟಿನ ಮುರುವಿಗೆ ಸಾಮಾನ್ಯವಾಗಿ 11. ಕಿವಿರು ಮುಚ್ಚಳದ ಅಂಚಿನಲ್ಲಿ ಮೂರು ಚಪ್ಪಟೆ ಮುಳ್ಳು ಎರಡಕ್ಕೂ ಇರುತ್ತವೆ. ಬಣ್ಣವನ್ನು ಮಾತ್ರ ಪೂರ್ತಿ ನಂಬಬೇಡಿ. ಗ್ರೂಪರ್‌ಗಳು ಬಣ್ಣ ಬದಲಿಸುತ್ತವೆ. ಹೆದರಿದಾಗ, ಜಗಳಕ್ಕೆ ನಿಂತಾಗ, ಬೇರೆ ಹಿನ್ನೆಲೆಯ ಮುಂದೆ ಹೋದಾಗ ಅದೇ ಮೀನು ಕೆಲವೇ ಕ್ಷಣದಲ್ಲಿ ತೆಳುವಾಗಬಹುದು, ಕಪ್ಪಾಗಬಹುದು, ಮೈ ಮೇಲೆ ಅಡ್ಡ ಪಟ್ಟೆ ಮೂಡಬಹುದು. ಸತ್ತ ಮೇಲಂತೂ ಆ ನೀಲಿ ಪೂರ್ತಿ ಮಂಕಾಗಿ ಬಿಡುತ್ತದೆ.

ಓಡಿ ಹೋಗಲಿಲ್ಲ ಯಾಕೆ ಅಂದರೆ, ಅದರ ಬದುಕೇ ಆ ಸಂದಿಯ ಸುತ್ತ. ಗ್ರೂಪರ್ ಹೆಚ್ಚಾಗಿ ಅಟ್ಟಿಸಿಕೊಂಡು ಹೋಗಿ ಹಿಡಿಯುವ ಮೀನಲ್ಲ. ಕೂತು ಕಾಯುತ್ತದೆ. ಪುಟ್ಟ ಮೀನೋ, ಸಿಗಡಿಯೋ, ಏಡಿಯೋ ಹತ್ತಿರ ಬಂದಾಗ ಬಾಯಿಯನ್ನು ಎಷ್ಟು ಬೇಗ, ಎಷ್ಟು ಅಗಲಕ್ಕೆ ತೆರೆಯುತ್ತದೆ ಅಂದರೆ ಸುತ್ತಲಿನ ನೀರು ಒಮ್ಮೆಲೇ ಒಳಗೆ ನುಗ್ಗುತ್ತದೆ, ನೀರಿನ ಜೊತೆ ಬೇಟೆಯೂ ಒಳಗೆ. ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ, ಬೇಟೆ ಹೋಗುವುದಿಲ್ಲ. ಬಾಯಿಯ ಹಲ್ಲುಗಳು ಹರಿದು ತಿನ್ನುವುದಕ್ಕಲ್ಲ, ಹಿಡಿದಿಡುವುದಕ್ಕೆ. ಒಳಸಾಲಿನವು ಗಂಟಲ ಕಡೆ ಬಾಗಿ ಮಡಚಿಕೊಳ್ಳುತ್ತವೆ. ಒಳಗೆ ಹೋಗಲು ದಾರಿ ಕೊಡುತ್ತವೆ, ವಾಪಸ್ ಬರಲು ಬಿಡುವುದಿಲ್ಲ. ಇಡಿಯಾಗಿ ನುಂಗುವುದೇ ಅದರ ಊಟ. ನೀವು ನೋಡಿದ ಆ ದೊಡ್ಡ ಬಾಯಿ ಇದಕ್ಕೇ.

ಇನ್ನು ಜಾಗದ ವಿಷಯ. ಇದೇ ಗುಂಪಿನ ಇನ್ನೊಂದು ಜಾತಿ, ಕೆಂಪು ಮೈ ನೀಲಿ ಚುಕ್ಕೆಯ ಸೆಫಲೋಫೋಲಿಸ್ ಮಿನಿಯಾಟಾ. ಅದನ್ನು ಕೆಂಪು ಸಮುದ್ರದಲ್ಲಿ ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಒಂದು ದೊಡ್ಡ ಗಂಡು, ಅದರ ಜೊತೆ 2ರಿಂದ 12 ಹೆಣ್ಣು. ಒಂದು ಕುಟುಂಬದ ಜಾಗ 475 ಚದರ ಮೀಟರ್‌ವರೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ಐದು ಗುಂಟೆಗೆ ಸ್ವಲ್ಪ ಕಡಿಮೆ. ಅದರೊಳಗೆ ಒಂದೊಂದು ಹೆಣ್ಣಿಗೂ ಒಂದೊಂದು ತುಂಡು, ಅದನ್ನು ಅದು ಬೇರೆ ಹೆಣ್ಣಿಗೆ ಬಿಟ್ಟುಕೊಡುವುದಿಲ್ಲ. ಗಂಡು ದಿನಾ ಪ್ರತಿ ಹೆಣ್ಣನ್ನೂ ಕಂಡು ಬರುತ್ತದೆ. ಹಾಗಾಗಿ ಮೇಡಂ, ನೀವು ಹತ್ತಿರ ಹೋಗಿದ್ದು ಅದರ ಮನೆಗೇ. ಹಿಂದೆ ಸರಿದು, ನೀವು ಹೋದ ಮೇಲೆ ಮತ್ತೆ ಬಾಗಿಲಿಗೆ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ಕಚ್ಚುವುದಿಲ್ಲ. ಆದರೆ ಸಂದಿಯೊಳಗೆ ಕೈ ಮಾತ್ರ ಹಾಕಬೇಡಿ. ಒಳಗೆ ಮೊರೆ ಹಾವುಮೀನು ಇರಬಹುದು, ವಿಷದ ಮುಳ್ಳಿನ ಲಯನ್ ಫಿಶ್ ಇರಬಹುದು.

ಬಂದರ್ ಮನೆ:

ನಮ್ಮದು ಭಟ್ಕಳದ ಮೀನುಗಾರಿಕೆ ಮನೆತನ, ಈಗ ಶಿವಮೊಗ್ಗದಲ್ಲಿ ಮೀನಿನ ಅಂಗಡಿ. ಮೇಲಿನವರು ನೀರೊಳಗಿನ ವಿಷಯ ಚೆನ್ನಾಗಿ ಹೇಳಿದ್ದಾರೆ, ನಾನು ದೋಣಿಯ ಕಡೆಯಿಂದ ಹೇಳುತ್ತೇನೆ.

ಮುರು ಸಿಗುವುದು ಕಲ್ಲು ಇದ್ದಲ್ಲಿ. ಬಂಗುಡೆ, ಭೂತಾಯಿ ಹಾಗೆ ಗುಂಪಾಗಿ ತಿರುಗುವ ಮೀನಲ್ಲ, ಬಲೆ ಬೀಸಿ ರಾಶಿ ಹಾಕಲು ಆಗುವುದಿಲ್ಲ. ಕಲ್ಲಿನ ಮೇಲೆ ಬಲೆ ಬಿಟ್ಟರೆ ಬಲೆ ಹರಿಯುತ್ತದೆ. ಹಾಗಾಗಿ ಹಿರಿಯರು ಗಾಳ ಹಾಕುತ್ತಿದ್ದರು. ಎಲ್ಲಿ ಕಲ್ಲಿದೆ ಅಂತ ದಡದ ಗುಡ್ಡ, ದೇವಸ್ಥಾನ ನೋಡಿಕೊಂಡು ಗುರುತು ಇಟ್ಟುಕೊಳ್ಳುತ್ತಿದ್ದರು, ಈಗ ಜಿಪಿಎಸ್ ಬಂದಿದೆ. ಗಾಳಕ್ಕೆ ಬಿದ್ದ ಕೂಡಲೇ ಎಳೆಯಬೇಕು. ಒಂದು ಕ್ಷಣ ಸಡಿಲ ಬಿಟ್ಟರೂ ಸಂದಿಗೆ ನುಗ್ಗಿ ಕಿವಿರು ಅಗಲಿಸಿ, ಮುಳ್ಳು ಎತ್ತಿ ಗಟ್ಟಿಯಾಗಿ ಸಿಕ್ಕಿಕೊಂಡುಬಿಡುತ್ತದೆ. ಆಮೇಲೆ ದಾರ ತುಂಡಾದರೂ ಅದು ಬರುವುದಿಲ್ಲ. ಆಳದಿಂದ ಎಳೆದ ಮುರುವಿನ ಬಾಯಿಂದ ಚೀಲದ ಹಾಗೆ ಏನೋ ಹೊರಗೆ ಬಂದಿರುವುದನ್ನು ಅಂಗಡಿಯಲ್ಲಿ ಕೆಲವರು ನೋಡಿ ಹಾಳಾದ ಮೀನು ಅಂದುಕೊಳ್ಳುತ್ತಾರೆ. ಹಾಳಾಗಿಲ್ಲ. ಕೆಳಗಿನ ಒತ್ತಡದಿಂದ ಒಮ್ಮೆಲೇ ಮೇಲೆ ಬಂದಾಗ ಒಳಗಿನ ಗಾಳಿಚೀಲ ಉಬ್ಬಿ ಹೊಟ್ಟೆಯನ್ನು ಬಾಯಿಗೆ ತಳ್ಳುತ್ತದೆ. ಅದೇ ಕಾರಣಕ್ಕೆ ಆಳದಿಂದ ಬಂದ ಸಣ್ಣ ಮುರುವನ್ನು ವಾಪಸ್ ನೀರಿಗೆ ಬಿಟ್ಟರೂ ಎಷ್ಟೋ ಸಲ ಬದುಕುವುದಿಲ್ಲ, ಅದು ಬೇಜಾರಿನ ಸಂಗತಿ.

ನಿಮ್ಮದು ಶರಾವತಿ ಅಂತ ಹೆಸರು ನೋಡಿ ಇನ್ನೊಂದು ಮಾತು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುರು ಇಲ್ಲ, ಸಿಹಿನೀರಿನ ಮೀನಲ್ಲ ಅದು. ಆದರೆ ಅದೇ ಹೊಳೆ ಜೋಗ ಹಾರಿ, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಕಡಲು ಸೇರುವಲ್ಲಿ ಉಪ್ಪು ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಇದೆಯಲ್ಲ, ಅಂಥ ಅಳಿವೆಗಳೇ ಕಿತ್ತಳೆ ಚುಕ್ಕೆ ಮುರುವಿನ ಮರಿಗಳು ಬೆಳೆಯುವ ಜಾಗ. ಬೇರಿನ ಸಂದಿ, ಕಲ್ಲಿನ ಸಂದಿಯಲ್ಲಿ ಅಡಗಿ ಬೆಳೆದು, ದೊಡ್ಡದಾದ ಮೇಲೆ ಹೊರಗಿನ ಬಂಡೆಗಳಿಗೆ ಹೋಗುತ್ತವೆ. ಅಳಿವೆಯಲ್ಲಿ ಕಾಂಡ್ಲಾ ಕಡಿದರೆ ದೂರದ ಕಲ್ಲಿನಲ್ಲಿ ಮುರು ಕಡಿಮೆಯಾಗುತ್ತದೆ. ಇದು ನಮ್ಮ ಹಿರಿಯರಿಗೂ ಗೊತ್ತಿತ್ತು.

ದೊಡ್ಡ ಮುರುವಿನ ಕಥೆ ಕೇಳುವವರು ಬಹಳ ಜನ. ಎಲ್ಲಕ್ಕಿಂತ ದೊಡ್ಡದು ಎಪಿನೆಫೆಲಸ್ ಲ್ಯಾನ್ಸಿಯೊಲೇಟಸ್, ಇಂಗ್ಲಿಷಿನಲ್ಲಿ ಜೈಂಟ್ ಗ್ರೂಪರ್. 270 ಸೆಂ.ಮೀ. ಉದ್ದ, 400 ಕಿಲೋ ತೂಕದವರೆಗೂ ಬೆಳೆಯುತ್ತದೆ. ಅದನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಯಲ್ಲಿ ಅದೂ ಇದೆ. ದಡದಲ್ಲಿ ಯಾರಾದರೂ ಅಂಥದ್ದರ ಜೊತೆ ಫೋಟೋ ತೆಗೆಸಿಕೊಂಡು ವಾಟ್ಸಾಪಿಗೆ ಹಾಕಿದರೆ ಲೈಕ್ ಒತ್ತಬೇಡಿ, ಕಾನೂನು ತಿಳಿಸಿ.

ಶರಾವತಿ ಹಿನ್ನೀರು:

ಇಬ್ಬರಿಗೂ ತುಂಬಾ ಧನ್ಯವಾದ. ಹೊನ್ನಾವರದ ಅಳಿವೆಯ ಮಾತು ಓದಿ ಖುಷಿಯಾಯಿತು, ನಮ್ಮ ಹೊಳೆಗೂ ಆ ಮೀನಿಗೂ ನಂಟಿದೆ ಅಂತ ಗೊತ್ತಿರಲಿಲ್ಲ. ಇನ್ನೊಂದು ಸಂದೇಹ. ಒಂದು ಗಂಡು, ಅಷ್ಟು ಹೆಣ್ಣು ಅಂದಿರಲ್ಲ. ಆ ಗಂಡು ಸತ್ತರೆ ಅಥವಾ ಯಾರಾದರೂ ಹಿಡಿದರೆ ಉಳಿದವು ಏನು ಮಾಡುತ್ತವೆ?

ತುಂಗಾ ದಂಡೆ:

ನಾನು ತೀರ್ಥಹಳ್ಳಿ ಕಡೆ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಶರಾವತಿಯವರೇ, ನೀವು ಕೇಳಿದ್ದು ಗ್ರೂಪರ್ ವಿಷಯದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ.

ಹೆಚ್ಚಿನ ಗ್ರೂಪರ್‌ಗಳು ಹೆಣ್ಣಾಗಿಯೇ ಬೆಳೆದು ನಿಲ್ಲುತ್ತವೆ. ಕೆಲವು ವರ್ಷ ಮೊಟ್ಟೆ ಇಟ್ಟು, ಮೈ ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗಿ ಬದಲಾಗುತ್ತವೆ. ಗುಂಪಿನ ಗಂಡು ಇಲ್ಲವಾದರೆ ದೊಡ್ಡ ಹೆಣ್ಣು ಆ ಜಾಗ ತುಂಬುತ್ತದೆ. ಮಾರ್ಕೆಟ್ಟಿನ ಕಿತ್ತಳೆ ಚುಕ್ಕೆ ಮುರುವನ್ನೇ ತೆಗೆದುಕೊಳ್ಳಿ. 25ರಿಂದ 30 ಸೆಂ.ಮೀ. ಆದಾಗ, ಅಂದರೆ 2-3 ವರ್ಷಕ್ಕೆ, ಹೆಣ್ಣಾಗಿ ಬಲಿಯುತ್ತದೆ. ಗಂಡಾಗುವುದು 55ರಿಂದ 75 ಸೆಂ.ಮೀ. ಆದಾಗ. ಎಲ್ಲಾ ಜಾತಿಯಲ್ಲೂ ಹೀಗೇ ಅಂತ ಹೇಳಲಾಗದು, ಕೆರಿಬಿಯನ್ನಿನ ನಸ್ಸಾವ್ ಗ್ರೂಪರ್ ಹೆಚ್ಚಾಗಿ ಮೊದಲಿಂದಲೇ ಗಂಡು ಅಥವಾ ಹೆಣ್ಣು. ಆದರೆ ಬಹುಪಾಲು ಜಾತಿಗಳ ದಾರಿ ಇದೇ.

ಈಗ ಯೋಚಿಸಿ. ಗಾಳ ಹಾಕುವವರಿಗೆ, ತೂಕ ಹಾಕಿ ಮಾರುವವರಿಗೆ, ಕೊಳ್ಳುವ ನಮಗೂ ದೊಡ್ಡ ಮೀನೇ ಬೇಕು. ದೊಡ್ಡದನ್ನೆಲ್ಲ ತೆಗೆದರೆ ತೆಗೆದದ್ದು ಗಂಡುಗಳನ್ನು. ಮೆಕ್ಸಿಕೋ ಕೊಲ್ಲಿಯಲ್ಲಿ ಗ್ಯಾಗ್ ಅನ್ನುವ ಗ್ರೂಪರ್ ಇದೆ. 1970ರ ದಶಕದಲ್ಲಿ ನೂರರಲ್ಲಿ ಸುಮಾರು 17 ಗಂಡು ಇದ್ದದ್ದು 1990ರ ದಶಕದ ಹೊತ್ತಿಗೆ ಒಂದೆರಡಕ್ಕೆ ಇಳಿದಿತ್ತು. ಹೆಣ್ಣು ಬೇಕಾದಷ್ಟಿವೆ, ಮೊಟ್ಟೆಯೂ ಇದೆ, ಗಂಡು ಸಾಲದು. ಒಂದು ಹೆಣ್ಣು ಗಂಡಾಗಬೇಕಾದರೆ ಅದು ಅಷ್ಟು ವರ್ಷ ಬದುಕಿ ಬೆಳೆಯಬೇಕು. ನಾವು ಅಲ್ಲಿಯವರೆಗೆ ಬಿಡುವುದಿಲ್ಲ.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ವರ್ಷವಿಡೀ ಒಂಟಿಯಾಗಿ ತನ್ನ ಸಂದಿ ಕಾಯುವ ಎಷ್ಟೋ ಜಾತಿಯ ಗ್ರೂಪರ್‌ಗಳು ಮೊಟ್ಟೆ ಇಡಲು ಮಾತ್ರ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಪ್ರತಿ ವರ್ಷ ಅದೇ ಜಾಗ, ಅದೇ ತಿಂಗಳು, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು. ನಮ್ಮ ಹತ್ತಿರದ ಉದಾಹರಣೆ ಲಕ್ಷದ್ವೀಪದ ಬಿತ್ರಾ. ಅಲ್ಲಿ ಪ್ಲೆಕ್ಟ್ರೋಪೊಮಸ್ ಏರಿಯೊಲೇಟಸ್ ಅನ್ನುವ ಜಾತಿ ಅಮಾವಾಸ್ಯೆ ಹೊತ್ತಿಗೆ ತುಂಬಾ ದಟ್ಟವಾಗಿ ಸೇರುವುದನ್ನು ನಮ್ಮ ದೇಶದ ಸಂಶೋಧಕರೇ ನೀರಿಗಿಳಿದು ದಾಖಲಿಸಿದ್ದಾರೆ. ಗಂಡು ಹೆಣ್ಣು ಮೇಲಕ್ಕೆ ಚಿಮ್ಮಿ ನೀರಿನಲ್ಲೇ ಮೊಟ್ಟೆ, ಬೀಜ ಬಿಡುತ್ತವೆ. ಮರಿಗಳು ವಾರಗಟ್ಟಲೆ ತೇಲಿ ಎಲ್ಲೋ ಒಂದು ಬಂಡೆ ಸೇರುತ್ತವೆ.

ಮಲೆನಾಡಿನವರಿಗೆ ಇದನ್ನು ಹಳ್ಳ ಹತ್ತುವ ಮೀನಿನ ಮೂಲಕ ಹೇಳಿದರೆ ಕೂಡಲೇ ತಿಳಿಯುತ್ತದೆ. ಮೊದಲ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ, ತೋಡು ಹತ್ತಿ ಗದ್ದೆಗೆ ಬರುತ್ತದೆ, ಹೊಟ್ಟೆ ತುಂಬ ಮೊಟ್ಟೆ. ನಾವು ಟಾರ್ಚು, ಕತ್ತಿ, ಮೀನು ಹಿಡಿಯುವ ಕೂಣಿ ಹಿಡಿದು ದಾರಿಯಲ್ಲೇ ನಿಲ್ಲುತ್ತೇವೆ. ಆ ರಾತ್ರಿ ಸಿಕ್ಕಷ್ಟು ಮೀನು ಬೇರೆ ಯಾವತ್ತೂ ಸಿಗುವುದಿಲ್ಲ. ಹಾಗಾಗಿ ಮೀನು ಬೇಕಾದಷ್ಟಿದೆ ಅಂತ ಅನ್ನಿಸುತ್ತದೆ. ನಿಜವಾಗಿ ಇಡೀ ಹೊಳೆಯ ಮೀನು ಆ ಒಂದು ಹಳ್ಳಕ್ಕೆ ಬಂದಿರುತ್ತದೆ, ನಾವು ಹಿಡಿದದ್ದು ಮುಂದಿನ ವರ್ಷದ್ದನ್ನು. ಗ್ರೂಪರ್‌ಗೆ ಆಗುತ್ತಿರುವುದು ಅದೇ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ಮೇ ಕೊನೆಗೆ ನಾನು ಇದನ್ನು ಹೇಳುತ್ತೇನೆ. ಮನೆಯಲ್ಲಿ ಅಪ್ಪನಿಗೆ ಹೇಳಿ, ಮೊದಲ ಮಳೆಗೆ ಮೀನು ಹತ್ತಲು ಬಿಡಿ, ಇಳಿಯುವಾಗ ಹಿಡಿಯಿರಿ ಅಂತ. ಕೆಲವರು ಕೇಳುತ್ತಾರೆ.

ಮಲ್ನಾಡ್ ಊಟ:

ಮಾಷ್ಟ್ರೇ, ನೀವು ಹೇಳಿದ್ದು ಓದಿ ಮನಸ್ಸಿಗೆ ತಾಗಿತು. ಆದರೂ ಕೇಳುತ್ತೇನೆ, ಹಾಗಾದರೆ ಮುರು ತಿನ್ನುವುದೇ ಬಿಡಬೇಕಾ? ನಮ್ಮ ಮನೆಯಲ್ಲಿ ಮುರುವಿನ ತಲೆ ಸಾರು ಅಂದರೆ ಎಲ್ಲರಿಗೂ ಇಷ್ಟ. ಗಟ್ಟಿ ಮಾಂಸ, ಮುಳ್ಳು ಕಡಿಮೆ, ಮಕ್ಕಳಿಗೆ ಕೊಡಲು ಹೆದರಿಕೆ ಇಲ್ಲ. ಮತ್ತೆ ಒಮ್ಮೆ ಕಡಿಮೆಯಾದ ಮೀನು ವಾಪಸ್ ಬರುತ್ತದಾ ಇಲ್ಲವಾ?

ಬಂದರ್ ಮನೆ:

ಅಕ್ಕ, ತಿನ್ನುವುದು ಬಿಡಿ ಅಂತ ಮೀನಿನ ಅಂಗಡಿಯವನು ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ ಅಂತ ನನ್ನ ಅಭಿಪ್ರಾಯ. ಎರಡು ವಿಷಯ ನೋಡಿಕೊಳ್ಳಿ. ಒಂದು, ಅಂಗೈ ಉದ್ದದ ಮುರು ಕೊಳ್ಳಬೇಡಿ. ಮಾಷ್ಟ್ರು ಹೇಳಿದ ಲೆಕ್ಕದಲ್ಲಿ ಅದು ಒಂದು ಸಲವೂ ಮೊಟ್ಟೆ ಇಟ್ಟಿಲ್ಲ. ಕಿತ್ತಳೆ ಚುಕ್ಕೆಯದಾದರೆ ಒಂದು ಅಡಿ ದಾಟಿರಲಿ. ಗಿರಾಕಿಗಳು ಸಣ್ಣದನ್ನು ಬೇಡ ಅಂದರೆ ನಾವು ತರಿಸುವುದಿಲ್ಲ, ನಾವು ತರಿಸದಿದ್ದರೆ ಬಂದರಿನಲ್ಲಿ ಅದಕ್ಕೆ ರೇಟ್ ಇರುವುದಿಲ್ಲ. ಎರಡು, ತುಂಬಾ ದೊಡ್ಡ ಮುರುವಿನ ಹಿಂದೆ ಬೀಳಬೇಡಿ. ಅದು ಗಂಡು ಅನ್ನುವ ಕಾರಣ ಈಗಾಗಲೇ ಬಂದಿದೆ. ಇನ್ನೊಂದು ಆರೋಗ್ಯದ ಕಾರಣವೂ ಇದೆ. ಹವಳದ ದಿಬ್ಬಗಳಲ್ಲಿ ಬದುಕಿದ ದೊಡ್ಡ ಬೇಟೆ ಮೀನುಗಳಲ್ಲಿ ಕೆಲವೊಮ್ಮೆ ಸಿಗ್ವಾಟೆರಾ ಅನ್ನುವ ವಿಷ ಸೇರಿಕೊಂಡಿರುತ್ತದೆ. ಪಾಚಿಯ ಮೇಲಿನ ಸೂಕ್ಷ್ಮ ಜೀವಿಯಿಂದ ಶುರುವಾಗಿ, ಪಾಚಿ ತಿನ್ನುವ ಮೀನಿಗೆ, ಅದನ್ನು ತಿನ್ನುವ ಮೀನಿಗೆ ಏರುತ್ತಾ ಹೋಗಿ ದೊಡ್ಡದರಲ್ಲಿ ಜಾಸ್ತಿಯಾಗುತ್ತದೆ. ತಲೆ, ಪಿತ್ತಕೋಶ, ಯಕೃತ್ತು, ಮೊಟ್ಟೆಯಲ್ಲಿ ಹೆಚ್ಚು. ಎಷ್ಟು ಕುದಿಸಿದರೂ, ಹುರಿದರೂ, ಐಸಿನಲ್ಲಿಟ್ಟರೂ ಹೋಗುವುದಿಲ್ಲ, ರುಚಿ ವಾಸನೆಯಲ್ಲೂ ತಿಳಿಯುವುದಿಲ್ಲ. ವಾಂತಿ ಭೇದಿಯ ಜೊತೆ ತಣ್ಣಗಿನದು ಮುಟ್ಟಿದರೆ ಸುಟ್ಟ ಹಾಗೆ ಅನ್ನಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಏನು ಮೀನು ತಿಂದದ್ದು ಅಂತ ಡಾಕ್ಟರಿಗೆ ಹೇಳಿ. ತಲೆ ಸಾರಿಗೆ ಮಧ್ಯಮ ಗಾತ್ರದ ಮೀನೇ ಸರಿ.

ಇನ್ನು ಸಾಕುವ ಮುರು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಶಾಖಪಟ್ಟಣ ಕೇಂದ್ರದವರು ಕಿತ್ತಳೆ ಚುಕ್ಕೆ ಮುರುವಿನ ಮರಿ ಮಾಡುವುದನ್ನು ಸಾಧಿಸಿದ್ದಾರೆ. ಗೂಡಿನಲ್ಲಿ ಸಾಕಿದ್ದು ಹೆಚ್ಚಾಗಿ ಬಂದರೆ ಕಲ್ಲಿನ ಮುರುವಿಗೆ ಉಸಿರಾಡಲು ಸಮಯ ಸಿಗುತ್ತದೆ.

ತುಂಗಾ ದಂಡೆ:

ವಾಪಸ್ ಬರುತ್ತದಾ ಅಂತ ಕೇಳಿದಿರಿ. ಬರುತ್ತದೆ, ಬಿಟ್ಟರೆ. ಕೆರಿಬಿಯನ್ ಸಮುದ್ರದಲ್ಲಿ ಲಿಟಲ್ ಕೇಮನ್ ಅನ್ನುವ ಪುಟ್ಟ ದ್ವೀಪ. 2001ರಲ್ಲಿ ಅಲ್ಲಿ ನಸ್ಸಾವ್ ಗ್ರೂಪರ್ ಸೇರುವ ಒಂದು ಜಾಗ ಮೀನುಗಾರರ ಕಣ್ಣಿಗೆ ಬಿತ್ತು. ಸುಮಾರು 7,000 ಮೀನು. ಎರಡೇ ಚಳಿಗಾಲದಲ್ಲಿ ಸುಮಾರು 4,000 ಹಿಡಿದರು. 2003ರಲ್ಲಿ ಸರ್ಕಾರ ಆ ಜಾಗದಲ್ಲಿ ಮೀನುಗಾರಿಕೆ ನಿಲ್ಲಿಸಿತು. ಆಗ ಉಳಿದದ್ದು ಹೆಚ್ಚೂಕಡಿಮೆ 1,200. ಮೊದಲ ಕೆಲವು ವರ್ಷ ಏನೂ ಬದಲಾವಣೆ ಕಾಣಲಿಲ್ಲ. ಆಮೇಲೆ ಒಂದೆರಡು ವರ್ಷ ಮರಿಗಳು ಚೆನ್ನಾಗಿ ಉಳಿದವು. 2018ರ ಹೊತ್ತಿಗೆ ಮತ್ತೆ 7,000 ಹತ್ತಿರ. ಅದೇ ಜಾತಿಯ ಬೇರೆ ಎಷ್ಟೋ ಸೇರುವ ಜಾಗಗಳು ಪೂರ್ತಿ ಬರಿದಾಗಿವೆ, ಅಳಿವಿನ ಅಂಚಿನ ಜಾತಿ ಅಂತ ಅದನ್ನು ಪಟ್ಟಿ ಮಾಡಿದ್ದಾರೆ. ಒಂದು ಕಡೆ ಉಳಿಯಿತು, ಯಾಕೆಂದರೆ ಸೇರುವ ಜಾಗವನ್ನೇ ಕಾಪಾಡಿದರು, ಹದಿನೈದು ವರ್ಷ ತಾಳ್ಮೆಯಿಂದ ಕಾದರು.

ನಮ್ಮಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇದೆ, ಒಳ್ಳೆಯದೇ. ಆದರೆ ಒಂದು ನಿರ್ದಿಷ್ಟ ಕಲ್ಲಿಗೆ, ಒಂದು ನಿರ್ದಿಷ್ಟ ಅಮಾವಾಸ್ಯೆಗೆ ಬಂದು ಸೇರುವ ಮೀನಿಗೆ ಕಾಲದ ನಿಷೇಧದಷ್ಟೇ ಜಾಗದ ನಿಷೇಧವೂ ಬೇಕು.

ಘಾಟಿ ರಸ್ತೆ:

ಓದುತ್ತಾ ಕೂತವನು ನಾನು, ಹೊಸನಗರದಿಂದ. ಮೀನಿಗೆ ಇಷ್ಟೆಲ್ಲ ಬುದ್ಧಿ ಇರುತ್ತದಾ ಅಂತ ಅನ್ನಿಸಿತು. ಮಗನನ್ನು ಕರೆದುಕೊಂಡು ನೇತ್ರಾಣಿಗೆ ಹೋಗಬೇಕು ಅಂದುಕೊಂಡಿದ್ದೇನೆ. ಗ್ರೂಪರ್ ನೋಡಲು ಏನು ಮಾಡಬೇಕು?

ನೀರೊಳಗಿನ ಶಿವಮೊಗ್ಗ:

ಬುದ್ಧಿ ಅಂದಿರಲ್ಲ ಸರ್, ಇದನ್ನು ಮಗನಿಗೆ ಖಂಡಿತ ಹೇಳಿ. ಕೆಂಪು ಸಮುದ್ರದಲ್ಲಿ ಒಂದು ಗ್ರೂಪರ್ ಮೊರೆ ಹಾವುಮೀನಿನ ಜೊತೆ ಸೇರಿ ಬೇಟೆಯಾಡುತ್ತದೆ. 2006ರಲ್ಲಿ ಇದರ ಅಧ್ಯಯನ ಪ್ರಕಟವಾಯಿತು. ಗ್ರೂಪರ್ ಅಟ್ಟಿದ ಮೀನು ಸಂದಿಯೊಳಗೆ ಹೊಕ್ಕರೆ ಗ್ರೂಪರ್‌ಗೆ ಸಿಗುವುದಿಲ್ಲ, ಮೈ ದಪ್ಪ. ಆಗ ಅದು ಮೊರೆ ಮಲಗಿರುವ ಬಿಲದ ಮುಂದೆ ಹೋಗಿ ಜೋರಾಗಿ ತಲೆ ಅಲ್ಲಾಡಿಸುತ್ತದೆ. ಮೊರೆ ಹೊರಗೆ ಬಂದು ಜೊತೆಗೆ ಹೊರಡುತ್ತದೆ. ಮೊರೆ ಸಂದಿಯೊಳಗೆ ನುಗ್ಗುತ್ತದೆ, ಗ್ರೂಪರ್ ಹೊರಗೆ ಕಾಯುತ್ತದೆ. ಮೀನು ಒಳಗೇ ಉಳಿದರೆ ಮೊರೆಗೆ, ಹೊರಗೆ ಓಡಿದರೆ ಗ್ರೂಪರ್‌ಗೆ. 2013ರಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಬೇಟೆ ಅಡಗಿದ ಸಂದಿಯ ಮೇಲೆ ಗ್ರೂಪರ್ ತಲೆ ಕೆಳಗೆ ಮಾಡಿ ನೆಟ್ಟಗೆ ನಿಂತು ಜೊತೆಗಾರನಿಗೆ ಜಾಗ ತೋರಿಸುತ್ತದೆ. ಬೆರಳಿಲ್ಲದ ಪ್ರಾಣಿ ಇನ್ನೊಂದು ಜಾತಿಯ ಪ್ರಾಣಿಗೆ "ಇಲ್ಲಿದೆ ನೋಡು" ಅಂತ ತೋರಿಸುವುದು ಸಣ್ಣ ಮಾತಲ್ಲ.

ಫ್ಲೋರಿಡಾ ಕಡೆಯ ಕೆಂಪು ಗ್ರೂಪರ್ ಇನ್ನೊಂದು ಥರ. ಮರಳು ತುಂಬಿದ ತಳದಲ್ಲಿ ಬಾಯಿಯಿಂದ, ಬಾಲದಿಂದ ಮರಳು ಸರಿಸಿ ಅಡಿಯ ಕಲ್ಲು ಕಾಣುವ ಹಾಗೆ ಗುಂಡಿ ಮಾಡಿ ಇಟ್ಟುಕೊಳ್ಳುತ್ತದೆ. ಆ ಕಲ್ಲಿಗೆ ಸ್ಪಂಜು, ಹವಳ ಅಂಟಿಕೊಳ್ಳುತ್ತವೆ, ಸಿಗಡಿ, ಏಡಿ, ಬೇರೆ ಮೀನು ಬಂದು ಸೇರುತ್ತವೆ. ಒಂದು ಗ್ರೂಪರ್ ಹೋದರೆ ಅಷ್ಟಕ್ಕೂ ನೆಲೆ ತಪ್ಪುತ್ತದೆ.

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗಿದೆ. ಗ್ರೂಪರ್ ನೋಡಲು ಬಣ್ಣದ ಗುಂಪುಗಳ ಹಿಂದೆ ಈಜಬೇಡಿ, ಬಂಡೆಯ ನೆರಳು, ಚಾಚಿದ ಕಲ್ಲಿನ ಅಡಿ ನೋಡಿ. ಕೆಲವೊಮ್ಮೆ ಒಂದು ಗ್ರೂಪರ್ ಬಾಯಿ ಅಗಲಿಸಿ, ಕಿವಿರು ತೆರೆದು ಅಲುಗಾಡದೆ ನಿಂತಿರುವುದು ಕಾಣಬಹುದು. ಹತ್ತಿರ ನೋಡಿದರೆ ಬೆರಳುದ್ದದ ನೀಲಿ ಕಪ್ಪು ಪಟ್ಟೆಯ ಮೀನು ಅದರ ಬಾಯಿಯೊಳಗೇ ಓಡಾಡಿ ಹುಳ ತಿನ್ನುತ್ತಿರುತ್ತದೆ. ಅದು ಕ್ಲೀನರ್ ರಾಸ್. ಇಷ್ಟು ದೊಡ್ಡ ಬಾಯಿಯ ಬೇಟೆಗಾರ ಅದನ್ನು ನುಂಗುವುದಿಲ್ಲ. ಅಂಥದ್ದು ಕಂಡರೆ ಮುಂದೆ ಹೋಗದೆ ಎರಡು ಮೂರು ಮೀಟರ್ ದೂರದಲ್ಲೇ ನಿಲ್ಲಿ, ಹತ್ತಿರ ಹೋದರೆ ಎರಡೂ ಚದುರುತ್ತವೆ. ಮುಟ್ಟಬೇಡಿ, ಮೈ ಮೇಲಿನ ಲೋಳೆ ಹೋದರೆ ಮೀನಿಗೆ ಸೋಂಕು ತಗಲುತ್ತದೆ. ಬ್ರೆಡ್ಡು, ಬಿಸ್ಕತ್ತು ಹಾಕುವವರನ್ನು ಕಂಡರೆ ತಡೆಯಿರಿ. ಕೈಯಿಂದ ತಿಂದು ರೂಢಿಯಾದ ಗ್ರೂಪರ್ ಮನುಷ್ಯರ ಬಳಿ ತಾನೇ ಬರುತ್ತದೆ, ಆಮೇಲೆ ಗಾಳದವನ ಬಳಿಯೂ ಹಾಗೇ ಹೋಗುತ್ತದೆ.

ಮಗನಿಗೆ ಈಜು ಬರದಿದ್ದರೂ ತೊಂದರೆಯಿಲ್ಲ, ಹೊಸಬರ ಜೊತೆ ತರಬೇತಿ ಪಡೆದವರು ಇರುತ್ತಾರೆ. ಆದರೆ ಎಷ್ಟು ವಯಸ್ಸಿನಿಂದ ಬಿಡುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನೆಗಡಿ ಇದ್ದರೆ ಹೋಗಬೇಡಿ, ಕಿವಿ ನೋಯುತ್ತದೆ. ಡಿಸೆಂಬರ್, ಜನವರಿಯಲ್ಲಿ ನೀರು ಚೆನ್ನಾಗಿ ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಡೈವಿಂಗ್ ದೋಣಿ ಹೊರಡುವುದಿಲ್ಲ, ಹಾಗಾಗಿ ಮೇ ಮುಗಿಯುವುದರೊಳಗೆ ಹೋಗಿ, ಇಲ್ಲವಾದರೆ ಅಕ್ಟೋಬರ್ ತನಕ ಕಾಯಬೇಕು.